ವಂಕ ತುಂಬಿದ ಗಾಡಿ

ಸಣ್ಣತಿಮ್ಮಪ್ಪ ಆಂಧ್ರದ ರಾಯದುರ್ಗಕ್ಕೆ ಬಂದದ್ದು ತೊಂಬತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ, ತನ್ನ ಎತ್ತಿನ ಗಾಡಿ ಹೊಡೆದುಕೊಂಡೇ. ಅಮರಾಪುರದ ಪಕ್ಕದ ಹಳ್ಳಿ ಬಿಟ್ಟು, ದಾರಿಯಲ್ಲಿ ಮೂರು ಕಡೆ ತಂಗಿ, ನಾಲ್ಕನೆಯ ದಿನ ಮಧ್ಯಾಹ್ನ ಊರು ಮುಟ್ಟಿದ. ಗಾಡಿಯಲ್ಲಿ ಹೆಂಡತಿ ತಿಪ್ಪಮ್ಮ, ಎರಡು ಮೂಟೆ ರಾಗಿ, ಒಂದು ರುಬ್ಬುಗುಂಡು ಇದ್ದವು. ಮಕ್ಕಳಿರಲಿಲ್ಲ.

ತನ್ನ ಹಳ್ಳಿಯಲ್ಲಿ ಅವನೇನು ಕೆಟ್ಟು ಹೋಗಿರಲಿಲ್ಲ. ಹೊಲದಿಂದ ಮಿಲ್ಲಿಗೆ ಕಡಲೆಕಾಯಿ ಸಾಗಿಸುವುದರಲ್ಲಿ ಸುತ್ತಲ ಹತ್ತು ಹಳ್ಳಿಗೆ ಅವನ ಹೆಸರಿತ್ತು. ತೇವದ ನೆಲದಲ್ಲಿ ಗಾಲಿ ಹೂತುಕೊಂಡರೆ ಎತ್ತಿಗೆ ಒಂದು ಏಟು ಹಾಕದೆ ಬರಿಯ ಮಾತಿನಲ್ಲೇ ಎಬ್ಬಿಸುತ್ತಿದ್ದ. ಆದರೆ ಊರಿಗೆ ಮೂರು ಟ್ರಾಕ್ಟರ್ ಬಂದವು. ಅವನು ಮೂರು ದಿನ ಹೊರುವುದನ್ನು ಅವು ಒಂದು ಬೆಳಗ್ಗೆ ಹೊತ್ತು ಹಾಕಿದವು. ಗಾಡಿ ಚಪ್ಪರದ ಕೆಳಗೆ ನಿಂತೇಬಿಟ್ಟಿತು. ಆಗ ರಾಯದುರ್ಗದಿಂದ ತಂಗಿ ದ್ಯಾಮಮ್ಮ ಹೇಳಿ ಕಳಿಸಿದಳು: ಇಲ್ಲಿ ಬರೋರಿಗೆಲ್ಲ ಕೆಲಸ ಐತೆ, ಎತ್ತಿಗೂ ಐತೆ, ಬಂದ್ಬಿಡಣ್ಣಯ್ಯ.

ದ್ಯಾಮಮ್ಮ ಅವನಿಗಿಂತ ಎಂಟು ವರ್ಷಕ್ಕೆ ಕಿರಿಯಳು. ಗಂಡ ಕಾಮಾಲೆಯಾಗಿ ತೀರಿಕೊಂಡ ಮೇಲೆ ಆರು ವರ್ಷದ ಮಗಳು ಸೌಮ್ಯಳ ಕೈ ಹಿಡಿದುಕೊಂಡು ರಾಯದುರ್ಗ ಸೇರಿದ್ದಳು. ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟನ್ನು ಶೆಡ್ಡಿನಿಂದ ಮನೆಗೆ ಹೊತ್ತು ತಂದು, ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಹಿಂದಿರುಗಿಸುವುದು ಅವಳ ಕೆಲಸ. ಬೆರಳ ತುದಿಗಳು ಸದಾ ನೀಲಿಯಾಗಿರುತ್ತಿದ್ದವು. ಮುದ್ದೆ ತೊಳಸುವಾಗಲೂ ಆ ನೀಲಿ ಹೋಗುತ್ತಿರಲಿಲ್ಲ.

ಆ ವರ್ಷಗಳಲ್ಲಿ ರಾಯದುರ್ಗದ ಯಾವ ಓಣಿಗೆ ಹೋದರೂ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಥಾನುಗಟ್ಟಲೆ ಬಟ್ಟೆ ಲಾರಿಯಲ್ಲಿ ಬಂದಿಳಿಯುವುದು, ಕತ್ತರಿಸುವುದು, ಹೊಲಿಯುವುದು, ಪ್ಯಾಂಟು ಮತ್ತೆ ಲಾರಿ ಹತ್ತುವುದು. ಹೋಗದೆ ಉಳಿಯುತ್ತಿದ್ದದ್ದು ಚಿಂದಿ. ಮೂಲೆ ಮೂಲೆಯಲ್ಲಿ ಚಿಂದಿಯ ಗುಡ್ಡೆ, ಚರಂಡಿಯಲ್ಲಿ ಚಿಂದಿ, ಹಂದಿಗಳ ಮೈಮೇಲೂ ಚಿಂದಿ. ಶೆಡ್ಡಿನ ಮಾಲೀಕ ಉಜ್ಜಿನಪ್ಪನವರಿಗೆ ಅದೊಂದು ತಲೆನೋವಾಗಿತ್ತು. ಮನೆಯ ಪಡಸಾಲೆಯಲ್ಲಿ ನಾಲ್ಕು ಯಂತ್ರ ಇಟ್ಟು ಶುರುಮಾಡಿ, ನಲವತ್ತು ಯಂತ್ರದ ಶೆಡ್ಡು ಕಟ್ಟಿದ ಮನುಷ್ಯ ಅವರು. ಹಣೆಯ ತುಂಬ ವಿಭೂತಿ, ಮಾತು ಮೆದು. ಕೆಲಸದವರ ಮನೆಯ ಮದುವೆಗೆ ತಪ್ಪದೆ ಹೋಗುತ್ತಿದ್ದರು.

"ಗಾಡಿ ನಿಂದೇ ಏನಪ?" ಎಂದು ಅವರು ಮೊದಲ ದಿನ ಕೇಳಿದರು.

"ನಮ್ದೇ ಸ್ವಾಮಿ."

"ಹಂಗಾರ ನಾಳಿಂದ ಬಾ. ಈ ಚಿಂದಿ ಹೊತ್ತು ಹಾಕು. ಮುನಿಸಿಪಾಲ್ಟಿಯವ್ರು ದಿನಾ ಬಂದು ಬೈದು ಹೋಗ್ತಾರ."

"ಎಲ್ಲಿಗಾಕ್ಲಿ ಸ್ವಾಮಿ?"

"ಎಲ್ಲಿ ಅಂದ್ರ? ವಂಕ ಐತಲ್ಲ. ಅದೇನು ಹರಿತೈತೇನು? ಅದರಾಗ ಹಾಕಿಬಿಡು."

ಮಳೆ ಬಂದಾಗ ಮಾತ್ರ ಹರಿಯುವ ಹಳ್ಳವನ್ನು ಆ ಕಡೆಯವರು ವಂಕ ಎನ್ನುತ್ತಾರೆ. ಊರಿನ ಮೇಲುಗಡೆಯ ಬೆಟ್ಟದ ಸಾಲಿನಿಂದ ಇಳಿದು, ರಸ್ತೆಯ ಮೋರಿಯ ಕೆಳಗೆ ನುಸುಳಿ, ಕೆಳಗಿನ ಹೊಲಗಳ ಕಡೆಗೆ ಹೋಗುವ ವಂಕ ಅದು. ಸಣ್ಣತಿಮ್ಮಪ್ಪ ನೋಡಿದಾಗ ಅದರಲ್ಲಿ ಮರಳು, ಜಾಲಿ, ಒಂದಷ್ಟು ಕತ್ತೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಗಲ ಮಾತ್ರ ಅವನ ಗಾಡಿಗಳನ್ನು ಹತ್ತು ಸಾಲಾಗಿ ನಿಲ್ಲಿಸುವಷ್ಟಿತ್ತು. ಇಷ್ಟು ಸಣ್ಣ ಹಳ್ಳಕ್ಕೆ ಇಷ್ಟು ದೊಡ್ಡ ಹಾಸಿಗೆ ಯಾಕೋ ಎಂದು ಅವನಿಗೆ ಒಮ್ಮೆ ಅನ್ನಿಸಿತು. ಅನ್ನಿಸಿದ್ದು ಅಷ್ಟೇ. ಗಾಡಿಯ ಹಿಂಬದಿ ಬಿಚ್ಚಿ ಚಿಂದಿ ಸುರಿದ.

ದಿನಕ್ಕೆ ಎರಡು ಗಾಡಿ, ಕೆಲವು ದಿನ ಮೂರು. ಉಜ್ಜಿನಪ್ಪನವರ ಶೆಡ್ಡಿನದು ಮುಗಿದರೆ ಪಕ್ಕದ ಓಣಿಯದು. ಎತ್ತುಗಳಿಗೆ ದಾರಿ ಎಷ್ಟು ಅಭ್ಯಾಸವಾಯಿತೆಂದರೆ ಅವನು ತೂಕಡಿಸಿದರೂ ಅವು ವಂಕದ ದಡಕ್ಕೆ ಬಂದು ನಿಲ್ಲುತ್ತಿದ್ದವು. ಜನ ಅವನನ್ನು ಚಿಂದಿ ತಿಮ್ಮಪ್ಪ ಎಂದರು. ಅವನಿಗೆ ಬೇಜಾರಿರಲಿಲ್ಲ. ಓಣಿ ಚೊಕ್ಕಟವಾಗಿದೆಯೆಂದು ಹೆಂಗಸರು ಹಬ್ಬದ ದಿನ ಕರೆದು ಹೋಳಿಗೆ ಕೊಡುತ್ತಿದ್ದರು. ಒಂದು ಊರನ್ನು ಗುಡಿಸಿ ಇಡುವ ಕೆಲಸ ತನ್ನದು ಎಂಬ ಹೆಮ್ಮೆ ಅವನ ಒಳಗೆ ಇತ್ತು.

ವಂಕದ ಅಂಚಿಗೆ ಉಚ್ಚಂಗಮ್ಮ ಎಂಬ ಮುದುಕಿಯ ಕಲ್ಲುಗೋಡೆಯ ಮನೆ. ನಾಲ್ಕಾರು ಆಡು ಸಾಕಿಕೊಂಡಿದ್ದಳು. ಒಂದು ದಿನ ಅವಳು ಗಾಡಿಗೆ ಅಡ್ಡ ನಿಂತು ಅವನನ್ನು ತನ್ನ ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಎದೆಮಟ್ಟಕ್ಕೆ ಒಂದು ಮಣ್ಣಿನ ಬಣ್ಣದ ಗೆರೆ ಇತ್ತು.

"ನನ್ನ ಮದುವ್ಯಾದ ವರ್ಷ ನೀರು ಇಲ್ಲಿಗೆ ಬಂದಿತ್ತಪ. ಬೆರಳಿಟ್ಟು ನೋಡು. ನೀ ತುಂಬ್ಕೋತ ಹೋದ್ರ ಅದು ಎತ್ಲಾಗ ಹೋಗಬೇಕು?"

"ಯಾವಾಗ್ಲೋ ಬಂದಿದ್ದಲ್ವೇನಜ್ಜಿ. ಈಗೆಲ್ಲೈತೆ ಅಂಥ ಮಳೆ?" ಎಂದು ಅವನು ನಕ್ಕ. ಮುದುಕಿ ನಗಲಿಲ್ಲ. ಮಾರನೆಯ ದಿನದಿಂದ ಅವನು ಅವಳ ಮನೆಯ ಮುಂದೆ ಹೋಗದೆ, ತುಸು ಕೆಳಗಿನ ದಾರಿಯಿಂದ ವಂಕಕ್ಕೆ ಇಳಿಯತೊಡಗಿದ. ಎರಡು ವರ್ಷಕ್ಕೆ ಉಚ್ಚಂಗಮ್ಮ ತೀರಿಕೊಂಡಳು.

ಎಂಟು ವರ್ಷ ಕಳೆಯುವುದರೊಳಗೆ ವಂಕದ ಅರ್ಧಕ್ಕಿಂತ ಹೆಚ್ಚು ಭಾಗ ದಡದ ಮಟ್ಟಕ್ಕೆ ಬಂದಿತ್ತು. ಆಗ ಉಜ್ಜಿನಪ್ಪನವರು ಒಂದು ದಿನ ಬಂದು ದಡದ ಮೇಲೆ ಬಹಳ ಹೊತ್ತು ನಿಂತರು. ವಂಕಕ್ಕೆ ಹೊಂದಿಕೊಂಡ ಒಂದು ಪಟ್ಟಿ ಹೊಲ ಅವರದೇ. ಮಾರನೆಯ ವಾರ ಟ್ರಾಕ್ಟರಿನಲ್ಲಿ ಕೆಂಪು ಮಣ್ಣು ಬಂತು. ಚಿಂದಿಯ ಮೇಲೆ ಮೊಣಕಾಲು ಮಟ್ಟಕ್ಕೆ ಮಣ್ಣು ಹಾಸಿ, ಸುಣ್ಣದ ಗೆರೆ ಎಳೆದು, ಪ್ಲಾಟು ಮಾಡಿದರು. ಹೊಲವೆಲ್ಲಿ ಮುಗಿಯಿತು, ವಂಕವೆಲ್ಲಿ ಶುರುವಾಯಿತು ಎಂಬುದು ಗೆರೆ ಎಳೆದವರಿಗೂ ಸಣ್ಣತಿಮ್ಮಪ್ಪನಿಗೂ ಮಾತ್ರ ಗೊತ್ತಿತ್ತು. ಕೊಂಡವರೆಲ್ಲ ಹೊರಗಿನಿಂದ ಬಂದ ಕೂಲಿಯವರು: ಮಡಕಶಿರದ ಕಡೆಯವರು, ಅಗಳಿಯವರು, ಬೆಳುಗುಪ್ಪದವರು. ಬಾಡಿಗೆ ಮನೆಯಲ್ಲಿ ನೀರಿಗೆ, ಬಚ್ಚಲಿಗೆ ಮಾತು ಕೇಳಿ ಬೇಸತ್ತವರು.

ತಂಗಿಗೆ ಆ ಪ್ಲಾಟು ಕೊಳ್ಳೆಂದು ಹೇಳಿದವನು ಸಣ್ಣತಿಮ್ಮಪ್ಪನೇ. ಎರಡನೆಯ ಸಾಲಿನಲ್ಲಿ, ಬೇವಿನ ಗಿಡದ ಪಕ್ಕದ ಜಾಗವನ್ನು ತಾನೇ ನಿಂತು ಆರಿಸಿದ. ಪಾಯ ಅಗೆಯುವಾಗ ಎರಡು ಅಡಿಗೆ ಹಾರೆಯ ತುದಿಗೆ ಸಿಕ್ಕಿ ನೀಲಿ ಬಟ್ಟೆ ಮೇಲೆ ಬಂತು. ಇನ್ನೂ ಪೂರ್ತಿ ಕೊಳೆತಿರಲಿಲ್ಲ.

"ನೆಲ ಮೆತ್ತಗೈತಲ್ಲ ಅಣ್ಣಯ್ಯ?" ಎಂದಳು ದ್ಯಾಮಮ್ಮ.

"ಒಂದು ಮಳೆಗಾಲ ಕಳೆದ್ರೆ ಕುಂತ್ಕಂತೈತೆ ಕಣಮ್ಮಿ. ಕಲ್ಲು ಜಾಸ್ತಿ ಹಾಕ್ಸಾಣ."

ಕಲ್ಲು ಜಾಸ್ತಿ ಹಾಕಿಸಿದರು. ಗೋಡೆ ಎದ್ದಿತು, ಶೀಟು ಬಿತ್ತು. ಗೃಹಪ್ರವೇಶದ ದಿನ ದ್ಯಾಮಮ್ಮ ಅಣ್ಣನಿಗೆ ಹೊಸ ಪಂಚೆ ಕೊಟ್ಟು ಕಾಲಿಗೆ ಬಿದ್ದಳು. ತನ್ನದೆಂಬ ಬಾಗಿಲು ಅವಳು ಜೀವಮಾನದಲ್ಲಿ ಕಂಡದ್ದು ಅದೇ ಮೊದಲು. ಹೊಸ್ತಿಲಿಗೆ ದಿನಾ ಅರಿಶಿನ ಹಚ್ಚುತ್ತಿದ್ದಳು. ಗೋಡೆಯಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟಾಗ ಸುಣ್ಣ ಸಾರಿಸಿ ಮುಚ್ಚುತ್ತಿದ್ದಳು.

ಇನ್ನೂ ನಾಲ್ಕು ವರ್ಷ ಹೀಗೇ ಸಾಗಿತು. ಉಳಿದಿದ್ದ ಕಿರಿದಾದ ಕಾಲುವೆಗೂ ಸಣ್ಣತಿಮ್ಮಪ್ಪ ಚಿಂದಿ ಸುರಿಯುತ್ತಲೇ ಇದ್ದ. ಬೇರೆ ಜಾಗ ಯಾರೂ ತೋರಿಸಿರಲಿಲ್ಲ, ಅವನೂ ಕೇಳಿರಲಿಲ್ಲ. ಸೌಮ್ಯ ಹತ್ತನೆಯ ಕ್ಲಾಸಿಗೆ ಓದು ಬಿಟ್ಟು ಉಜ್ಜಿನಪ್ಪನವರ ಶೆಡ್ಡಿನಲ್ಲಿ ಜೇಬು ಹೊಲಿಯುವ ಯಂತ್ರಕ್ಕೆ ಕೂತಳು.

ಅದು ಅಕ್ಟೋಬರ್ ತಿಂಗಳು. ಎರಡು ದಿನ ಬಿಡದೆ ಮಳೆ ಹೊಯ್ದಿತು. ಊರವರು ಮೊದಲು ಖುಷಿಪಟ್ಟರು. ಮೂರನೆಯ ದಿನ ಮಧ್ಯಾಹ್ನ ಮಳೆ ನಿಂತು ಬಿಸಿಲು ಬಂತು. ವಂಕದ ಮೇಲೆದ್ದ ಕಾಲೊನಿಯ ಹೆಂಗಸರು ಒದ್ದೆ ಬಟ್ಟೆ, ಹಾಸಿಗೆಗಳನ್ನು ಹೊರಗೆ ತಂದು ಹರವಿದರು. ಬೆಟ್ಟದ ಆಚೆ ಇನ್ನೂ ಸುರಿಯುತ್ತಿದೆಯೆಂದಾಗಲಿ, ಮೇಲಿನ ಕೆರೆಯ ಕಟ್ಟೆ ಒಡೆದಿದೆಯೆಂದಾಗಲಿ ಇಲ್ಲಿ ಯಾರಿಗೂ ತಿಳಿದಿರಲಿಲ್ಲ.

ಸಣ್ಣತಿಮ್ಮಪ್ಪ ಶೆಡ್ಡಿನ ಮುಂದೆ ಗಾಡಿಗೆ ಚಿಂದಿ ತುಂಬುತ್ತಿದ್ದ. ಎತ್ತುಗಳು ಕಿವಿ ನಿಮಿರಿಸಿದವು. ಆಮೇಲೆ ಅವನಿಗೂ ಕೇಳಿಸಿತು, ದೂರದಲ್ಲಿ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು, ನಿಲ್ಲದ ಸದ್ದು. ಜನ ರಸ್ತೆಯ ಕಡೆಗೆ ಓಡುತ್ತಿದ್ದರು. ಅವನೂ ಓಡಿದ.

ಮೋರಿಯ ಮೇಲುಗಡೆ ನೀರು ಕೆರೆಯಂತೆ ನಿಂತಿತ್ತು. ಕಾಲೊನಿಯಿದ್ದ ಕೆಳಗಡೆ ಒಂದು ಹನಿ ಇರಲಿಲ್ಲ. ಏಳೆಂಟು ಗಂಡಸರು ಸೊಂಟಮಟ್ಟ ನೀರಿಗಿಳಿದು ಗಳು, ಹಾರೆಗಳಿಂದ ಮೋರಿಯ ಬಾಯಿಯನ್ನು ಚುಚ್ಚುತ್ತಿದ್ದರು. ಹಾರೆ ಎಳೆದಾಗಲೆಲ್ಲ ಅದಕ್ಕೆ ಸುತ್ತಿಕೊಂಡು ಬರುತ್ತಿದ್ದದ್ದು ಚಿಂದಿ. ಒದ್ದೆಯಾಗಿ, ಒಂದಕ್ಕೊಂದು ಹೆಣೆದುಕೊಂಡು, ಕಟ್ಟು ಹಗ್ಗದಂತಾಗಿತ್ತು. ಇಬ್ಬರು ಹಿಡಿದು ಎಳೆದರೂ ಬರುತ್ತಿರಲಿಲ್ಲ. ಸಣ್ಣತಿಮ್ಮಪ್ಪ ಒಮ್ಮೆ ಅದನ್ನು ಕೈಯಲ್ಲಿ ಹಿಡಿದ. ಮರುಗಳಿಗೆಗೆ ಬಿಟ್ಟು ಕಾಲೊನಿಯ ಕಡೆ ತಿರುಗಿದ.

ಅಲ್ಲಿ ಜನ ಮಕ್ಕಳನ್ನೆತ್ತಿಕೊಂಡು ಮನೆಗಳಿಂದ ಹೊರಗೆ ಬರುತ್ತಿದ್ದರು. ದ್ಯಾಮಮ್ಮನೂ ಹೊರಗೆ ಬಂದಿದ್ದಳಂತೆ. ಆದರೆ ಒಳಗೆ ಶೆಡ್ಡಿನಿಂದ ತಂದ ಪ್ಯಾಂಟುಗಳ ಎರಡು ಗಂಟು ನೆಲದ ಮೇಲೇ ಇದ್ದವು. ಪರರ ಬಟ್ಟೆ ನೆನೆಯಬಾರದೆಂದು, ಅಟ್ಟದ ಮೇಲಿಟ್ಟು ಬರುತ್ತೇನೆಂದು ಪಕ್ಕದ ಮನೆಯವಳಿಗೆ ಹೇಳಿ ಮತ್ತೆ ಒಳಗೆ ಹೋದಳು. ದಾರಿ ಸಿಗದ ನೀರು ಅಷ್ಟರಲ್ಲಿ ಹಾಸಿದ ಮಣ್ಣಿನ ಕೆಳಗೆ, ಚಿಂದಿಯ ಸಂದಿನಲ್ಲಿ ನುಗ್ಗಿತ್ತು. ಸಣ್ಣತಿಮ್ಮಪ್ಪ ನೂರು ಮಾರು ದೂರದಲ್ಲಿದ್ದ. ಬೇವಿನ ಗಿಡ ನಿಂತ ಹಾಗೆಯೇ ಕೆಳಗೆ ಇಳಿಯುವುದನ್ನು ಅವನು ಕಣ್ಣಾರೆ ಕಂಡ. ಗಿಡದ ಹಿಂದೆ ಎರಡನೆಯ ಸಾಲು ಪೂರ್ತಿ ಇಳಿಯಿತು. ಗೋಡೆಗಳು ಬಿದ್ದ ಸದ್ದು ಕೂಡ ಆಗಲಿಲ್ಲ. ಕಾಲ ಕೆಳಗಿನ ಕಂಬಳಿಯನ್ನು ಯಾರೋ ಎಳೆದಂತೆ ನೆಲವೇ ಹೊರಟುಹೋಯಿತು.

ಐವರು ಹೋದರು. ನಾಲ್ವರು ಆ ಸಂಜೆಯೇ ಸಿಕ್ಕರು. ದ್ಯಾಮಮ್ಮ ಸಿಕ್ಕಿದ್ದು ಮಾರನೆಯ ದಿನ ಬೆಳಗ್ಗೆ, ಕೆಳಗಿನ ಹೊಲವೊಂದರ ಬದುವಿನಲ್ಲಿ. ಮೈತುಂಬ ಚಿಂದಿ ಸುತ್ತಿಕೊಂಡಿತ್ತು. ಬಿಡಿಸಲು ಹೆಂಗಸರು ಅವಳದೇ ಕೆಲಸದ ಕತ್ತರಿಯಂಥ ಸಣ್ಣ ಕತ್ತರಿಗಳನ್ನು ತಂದರು. ಸಣ್ಣತಿಮ್ಮಪ್ಪ ತಾನೂ ಕೂತು ಬಿಡಿಸಿದ. ಸೌಮ್ಯ ದೂರದಲ್ಲಿ ತಿಪ್ಪಮ್ಮನ ತೋಳು ಹಿಡಿದು ನಿಂತಿದ್ದಳು. ಮಾವ ಮುಗಿಸಿ ಎದ್ದಾಗ ಅವನ ಕೈಗಳನ್ನೇ ನೋಡಿದಳು, ಮುಖವನ್ನು ನೋಡಲಿಲ್ಲ.

ಹದಿನೈದು ದಿನಕ್ಕೆ ವಿಚಾರಣೆ ನಡೆಯಿತು. ಎತ್ತರದಲ್ಲಿದ್ದ ಶಾಲೆಯಲ್ಲಿ ಅಧಿಕಾರಿ ಬಂದು ಕೂರುತ್ತಾರೆಂದೂ, ಮನೆ ಕಳೆದುಕೊಂಡವರು ಬಂದು ಹೇಳಿಕೆ ಕೊಡಬೇಕೆಂದೂ ಡಂಗುರ ಸಾರಿದರು. ಹಿಂದಿನ ದಿನ ಉಜ್ಜಿನಪ್ಪನವರು ಸಣ್ಣತಿಮ್ಮಪ್ಪನ ಮನೆಗೆ ಬಂದರು. ಕಣ್ಣು ಕೆಂಪಾಗಿದ್ದವು. ಅವರ ಶೆಡ್ಡಿನ ಇಬ್ಬರು ಹೆಣ್ಣುಮಕ್ಕಳು ಸತ್ತವರಲ್ಲಿದ್ದರು. ಅಳು ನಿಜವೇ ಆಗಿತ್ತು.

"ಎಲ್ಲಾರೂ ಒಂದೇ ಮಾತು ಹೇಳೂಣು ತಿಮ್ಮಪ್ಪ," ಎಂದರು. "ಪ್ರಕೃತಿ ವಿಕೋಪ ಅಂತ ಬರೀತಾರ. ಮಳಿ ಬಂತು, ಕೆರಿ ಒಡೀತು, ಮನಿ ಬಿದ್ದವು. ಹಂಗ ಬರದ್ರ ಎಲ್ಲಾರಿಗೂ ಮನಿ ಪರಿಹಾರ ಸಿಗ್ತೈತಿ. ವಂಕದ ಮಾತು ಎತ್ತಿದ್ರ ಆ ಜಾಗ ಸರ್ಕಾರದ್ದಾಗ್ತೈತಿ, ಯಾರಿಗೂ ಏನೂ ಸಿಗಂಗಿಲ್ಲ. ನಂಗಲ್ಲ, ಆ ಬಡವ್ರಿಗೆ ಹೇಳಾಕತ್ತೀನಿ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಸಣ್ಣತಿಮ್ಮಪ್ಪನಿಗೆ ಕಷ್ಟವಾಯಿತು. ಅವನು ಸುಮ್ಮನೆ ತಲೆ ಆಡಿಸಿದ.

ಮಾರನೆಯ ದಿನ ಶಾಲೆಯಲ್ಲಿ ಒಬ್ಬೊಬ್ಬರೇ ಹೋಗಿ ಹೇಳಿದರು, ಮೇಷ್ಟ್ರು ತೆಲುಗಿನಲ್ಲಿ ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿದರು. ಸಣ್ಣತಿಮ್ಮಪ್ಪನ ಸರದಿ ಬರುವಾಗ ಹಾಳೆ ಆಗಲೇ ತಯಾರಾಗಿತ್ತು. ಮೇಷ್ಟ್ರು ಓದಿ ಹೇಳಿದರು: ಪ್ರಕೃತಿ ವೈಪರೀತ್ಯದಿಂದ ನನ್ನ ತಂಗಿ ಮೃತಪಟ್ಟಿರುತ್ತಾಳೆ. ಅವನು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ. ಒತ್ತಲು ಬಗ್ಗಿದವನು ಹಾಗೆಯೇ ನಿಂತ.

"ಪ್ರಕೃತಿ ಅಲ್ಲ ಸ್ವಾಮಿ," ಎಂದ. "ನನ್ನ ಗಾಡಿ."

ಅಧಿಕಾರಿ ತಲೆ ಎತ್ತಿದರು.

"ಅಲ್ಲಿ ವಂಕ ಇತ್ತು. ಹತ್ತು ಗಾಡಿ ಅಗಲ ಇತ್ತು. ಹನ್ನೆರಡು ವರ್ಷ ನಾನೇ ತುಂಬ್ದೆ. ಹಾಕು ಅಂದೋರು ಇದ್ರು, ಆದ್ರೆ ಸುರಿದಿದ್ದು ಈ ಕೈ. ಮಳೆ ಪಾಪ ತನ್ನ ದಾರೀಲಿ ಬಂತು. ಅದ್ರ ಮೇಲೆ ಹೊರ್ಸಿ ನಾನು ಹೆಬ್ಬೆಟ್ಟು ಒತ್ತಾಕಾಗಲ್ಲ."

ಅಧಿಕಾರಿ ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಸಿಕೊಂಡರು. ಹಳೆಯ ನಕ್ಷೆ ತರಿಸಿದರು. ನಕ್ಷೆಯಲ್ಲಿ ವಂಕ ಅಗಲವಾಗಿ, ನೆಟ್ಟಗೆ ಎರಡನೆಯ ಸಾಲಿನ ಮೇಲೆಯೇ ಹಾದುಹೋಗಿತ್ತು.

ಉಜ್ಜಿನಪ್ಪನವರು ಹೇಳಿದ ಹಾಗೆಯೇ ಆಯಿತು. ಸತ್ತವರ ಮನೆಯವರಿಗೆ ಏನೋ ಸಿಕ್ಕಿತು, ಮನೆಗಳಿಗೆ ಏನೂ ಸಿಗಲಿಲ್ಲ. ಬಿದ್ದವೂ ನಿಂತವೂ ಸೇರಿ ಎಲ್ಲವೂ ವಂಕದ ಒತ್ತುವರಿಯೆಂದು ನೋಟೀಸು ಅಂಟಿಸಿದರು. ಬೇರೆ ಕಡೆ ಜಾಗ ಕೊಡುತ್ತೇವೆಂದರು, ಕೊಡಲಿಲ್ಲ. ಉಜ್ಜಿನಪ್ಪನವರನ್ನು ಎರಡು ಸಲ ಆಫೀಸಿಗೆ ಕರೆಸಿ ಕಳಿಸಿದರು, ಅಷ್ಟೇ. ಅವರು ಶೆಡ್ಡಿನ ಚಿಂದಿಗೆ ಒಂದು ಆಟೊ ಗೊತ್ತುಮಾಡಿದರು. ಅದು ಊರಾಚೆಯ ಇನ್ನೊಂದು ತಗ್ಗಿಗೆ ಸುರಿಯತೊಡಗಿತು.

ಕಾಲೊನಿಯ ಸಿಟ್ಟೆಲ್ಲ ಸಣ್ಣತಿಮ್ಮಪ್ಪನ ಮೇಲೆ ತಿರುಗಿತು. ಅವನ ಪಕ್ಕದ ಹಳ್ಳಿಯಿಂದಲೇ ಬಂದಿದ್ದ ದೊಡ್ಡಬೀರಪ್ಪ ಎಂಬ ಹೊಲಿಗೆಯವನು ಬೀದಿಯಲ್ಲಿ ತಡೆದು ನಿಲ್ಲಿಸಿದ. "ತುಂಬುವಾಗ ಬಾಯಿ ಮುಚ್ಕಂಡಿದ್ದೆ. ಮುಚ್ಕಂಡಿರ್ಬೇಕಾದಾಗ ಬಿಟ್ಟೆ. ನಿನ್ ಎದೆ ಹಗೂರ ಆಗ್ಲಿ ಅಂತ ನನ್ ಮಕ್ಳನ್ನ ಬೀದಿಗಾಕ್ದೆ," ಎಂದ. ಸಣ್ಣತಿಮ್ಮಪ್ಪನ ಎದೆ ಹಗುರವಾಗಿರಲಿಲ್ಲ.

ಜನ ಗಾಡಿಗೆ ಕರೆಯುವುದು ನಿಂತಿತು. ಸಂಕ್ರಾಂತಿ ಕಳೆದ ಮೇಲೆ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಬರಿಯ ಹಗ್ಗ ಹಿಡಿದು ಬಂದ. ಅಮರಾಪುರಕ್ಕೆ ಹಿಂದಿರುಗುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು. ಹೊರಡುವ ಹಿಂದಿನ ದಿನ ಊಟದ ಬಿಡುವಿನಲ್ಲಿ ಅವನು ಶೆಡ್ಡಿನ ಹತ್ತಿರ ಹೋದ. ತಾಯಿ ಸತ್ತ ಮೇಲೆ ಸೌಮ್ಯ ಜೊತೆ ಕೆಲಸದ ಹುಡುಗಿಯರೊಂದಿಗೆ ಒಂದು ಕೋಣೆ ಹಿಡಿದಿದ್ದಳು. ಅವನೊಡನೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು.

"ಊರಿಗೆ ಹೊಂಟಿದೀವಿ ಕಣವ್ವ. ನೀನೂ ಬಾ," ಎಂದ.

"ಅಲ್ಲಿ ಬಂದು ನಾನೇನ್ ಮಾಡ್ಲಿ ಮಾವ? ನಂಗೆ ಗೊತ್ತಿರೋದು ಇದೊಂದೇ."

ಒಳಗೆ ಯಾರೋ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು.

"ಒಂದ್ ಮಾತು ಕೇಳ್ತೀನಿ," ಎಂದಳು ಸೌಮ್ಯ. "ಅವ್ವಂಗೆ ಆ ಜಾಗ ಕೊಡಿಸ್ವಾಗ ನಿಂಗೆ ಗೊತ್ತಿತ್ತಾ, ಅದು ವಂಕ ಅಂತ?"

ಇಲ್ಲವೆಂದಿದ್ದರೆ ಅವಳು ಬಹುಶಃ ನಂಬುತ್ತಿದ್ದಳು. ನಂಬಲು ಸಿದ್ಧಳಾಗಿಯೇ ಕೇಳಿದ್ದಳು.

"ಗೊತ್ತಿತ್ತು," ಎಂದ ಅವನು. "ನೀರು ಬರಲ್ಲ ಅನ್ಕಂಡಿದ್ದೆ."

ಸೌಮ್ಯ ತಲೆ ತಗ್ಗಿಸಿ, ಬುತ್ತಿಯ ಡಬ್ಬಿಯ ಮುಚ್ಚಳ ಹಾಕಿದಳು. "ಅತ್ತೆಗೆ ಉಷಾರಾಗಿರಾಕ್ ಹೇಳು," ಎಂದು ಒಳಗೆ ಹೋದಳು. ಯಂತ್ರಗಳು ಮತ್ತೆ ಶುರುವಾದವು.

ಸಣ್ಣತಿಮ್ಮಪ್ಪ ಅಮರಾಪುರದ ಕಡೆ ಕುರಿ ಕಾಯುತ್ತ ಉಳಿದ ದಿನ ಕಳೆದ. ಆದರೆ ಪ್ರತಿ ವರ್ಷ ಅಕ್ಟೋಬರ್ ಬಂದರೆ ಬಸ್ಸು ಹತ್ತಿ ರಾಯದುರ್ಗಕ್ಕೆ ಹೋಗುತ್ತಿದ್ದ. ಮೊದಲ ವರ್ಷ ವಂಕ ಬಯಲಾಗಿತ್ತು. ಮೂರನೆಯ ವರ್ಷಕ್ಕೆ ಅದರೊಳಗೆ ಮತ್ತೆ ಗುಡಿಸಲು ಎದ್ದಿದ್ದವು. ಐದನೆಯ ವರ್ಷಕ್ಕೆ ಇಟ್ಟಿಗೆಯ ಗೋಡೆ ಎದ್ದಿತ್ತು. ಹೊಲಿಗೆಗೆಂದು ಬರುವವರು ಬರುತ್ತಲೇ ಇದ್ದರು. ಊರಲ್ಲಿ ಅವರಿಗೆ ಸಿಗುತ್ತಿದ್ದ ಜಾಗ ಅದೊಂದೇ.

ಅವನು ಮನೆಯಿಂದ ಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದ. ಬಿಡಿ, ಹೋಗಿ ಎಂದು ಹೇಳುವುದನ್ನು ಬಿಟ್ಟಿದ್ದ. ಎಲ್ಲಿಗೆ ಹೋಗಲಿ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಮಳೆ ನಿಂತು ಬಿಸಿಲು ಬಂದರೂ ಆ ದಿನವೆಲ್ಲ ಮನೆಯೊಳಗೆ ಇರಬೇಡಿ, ಬೆಟ್ಟದ ಕಡೆ ಕಪ್ಪಗಿದ್ದರೆ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹತ್ತಿ, ಒಳಗಿರುವುದನ್ನು ತರಲು ತಿರುಗಿ ಹೋಗಬೇಡಿ. ಇಷ್ಟನ್ನೇ ಹೇಳುತ್ತಿದ್ದ. ಕೆಲವರು ಕೇಳಿಸಿಕೊಂಡರು. ಕೆಲವರು ತಲೆ ಕೆಟ್ಟವನೆಂದು ಬಾಗಿಲು ಹಾಕಿಕೊಂಡರು.

ಕೊನೆಯ ಸಲ ಹೋದಾಗ ಅವನಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವಿತ್ತು. ಅಗಳಿಯಿಂದ ಬಂದು ತಿಂಗಳೂ ಆಗದ ಒಬ್ಬ ಎಳೆಯ ಬಾಣಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನ ಮಾತನ್ನೆಲ್ಲ ಕೇಳಿದಳು. ಕುಡಿಯಲು ನೀರು ಕೊಟ್ಟಳು.

"ಯಾವ ಶಾಲೆ ತಾತ? ನಂಗೆ ಇಲ್ಲಿ ದಾರಿ ಗೊತ್ತಿಲ್ಲ," ಎಂದಳು.

ಲೋಟ ಕೆಳಗಿಟ್ಟು ಸಣ್ಣತಿಮ್ಮಪ್ಪ ಕೋಲೂರಿ ಎದ್ದ. ಬಾ ಎಂದು ಕರೆದು, ಮೋರಿಯ ಪಕ್ಕದ ಕಾಲುದಾರಿಯಲ್ಲಿ ಅವಳ ಮುಂದೆ ನಿಧಾನವಾಗಿ ಹತ್ತತೊಡಗಿದ. ಎಡಕ್ಕೆ ಹೋಗಬೇಡ, ಅಲ್ಲಿ ನೆಲ ಗಟ್ಟಿಯಿಲ್ಲ ಎಂದು ಕೋಲಿನಲ್ಲಿ ತೋರಿಸಿದ. ಅವಳು ಬಲಕ್ಕೆ ಸರಿದು ನಡೆದಳು.